ಮಕ್ಕಳಿಗೆ ಬಯಲಿನಲ್ಲಿ ಒಂದು ಗಂಟೆ

ಬೇಸಿಗೆಯ ರಜೆ ಆರಂಭವಾದೊಡನೆ ಥಾಣೆ ಮತ್ತು ಪನವೇಲ್ ನಿಲ್ದಾಣಗಳಲ್ಲಿ ಮಂಗಳೂರಿನ ಕಡೆಗೆ ಸಾಗುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸನ್ನೂ, ಕಲ್ಯಾಣದಲ್ಲಿ ಕಲಬುರಗಿ, ರಾಯಚೂರುಗಳ ಮೂಲಕ ಬೆಂಗಳೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ಸನ್ನೂ ಏರುವ ಕನ್ನಡ ಕುಟುಂಬಗಳು ಅನೇಕ. ಊರು ಸೇರಿದ ಎರಡು ಮೂರು ದಿನಗಳಲ್ಲಿಯೇ ಮಕ್ಕಳ ದಿನಚರಿ ಬದಲಾಗುತ್ತದೆ. ಬೆಳಗಿನ ತಿಂಡಿ ಮುಗಿಸಿ ಅಂಗಳಕ್ಕೆ ಇಳಿದ ಮಗು ಅಜ್ಜಿ ಊಟಕ್ಕೆ ಕೂಗಿದಾಗಲೇ ಒಳಗೆ ಬರುತ್ತದೆ. ಮೈಯೆಲ್ಲ ಧೂಳು, ಮೊಣಕಾಲಿಗೆ ತರಚಿದ ಗಾಯ, ರಾತ್ರಿ ಹಾಸಿಗೆಗೆ ಬಿದ್ದೊಡನೆ ಗಾಢ ನಿದ್ರೆ. ಜೂನ್ ತಿಂಗಳಲ್ಲಿ ಡೊಂಬಿವಲಿಯ ಮೂರನೆಯ ಮಹಡಿಯ ಮನೆಗೆ ಮರಳಿದ ಅದೇ ಮಗು ಶಾಲೆಯಿಂದ ಬಂದು ಮೊಬೈಲ್ ಹಿಡಿದು ಕುಳಿತರೆ ಏಳುವುದಿಲ್ಲ. ‘ನಮ್ಮ ಮಗುವಿಗೆ ಆಟದಲ್ಲಿ ಆಸಕ್ತಿಯೇ ಇಲ್ಲ’ ಎಂದು ತಂದೆ ತಾಯಿ ಕೊರಗುತ್ತಾರೆ.

ಮೇ ತಿಂಗಳಲ್ಲಿದ್ದ ಆಸಕ್ತಿ ಜೂನ್ ತಿಂಗಳಲ್ಲಿ ಎಲ್ಲಿಗೆ ಹೋಯಿತು? ಮಗು ಬದಲಾಗಿಲ್ಲ, ಬಾಗಿಲಿನ ಹೊರಗಿರುವ ಜಗತ್ತು ಬದಲಾಗಿದೆ. ಊರಿನಲ್ಲಿ ಆಟದ ಜಾಗ ಹೊಸ್ತಿಲಿನಿಂದಲೇ ಆರಂಭವಾಗುತ್ತಿತ್ತು. ಜೊತೆಗಾರರು ಕರೆಯದೆಯೇ ಬರುತ್ತಿದ್ದರು. ದೂರದಿಂದ ಕಣ್ಣಿಡಲು ಯಾರಾದರೊಬ್ಬ ಹಿರಿಯರು ಇರುತ್ತಿದ್ದರು. ಹತ್ತಿರದ ಜಾಗ, ನಿಗದಿಯಾದ ಹೊತ್ತು ಮತ್ತು ಗಮನಿಸುವ ಹಿರಿಯರು - ಈ ಮೂರನ್ನು ನಗರದಲ್ಲಿಯೂ ಒದಗಿಸಿದರೆ ಮಗುವಿಗೆ ಬೇರೆ ಉತ್ತೇಜನದ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ರೈಲು ಹಳಿಯೊಡನೆ ಬೆಳೆದ ನಗರಗಳು

1853ರ ಏಪ್ರಿಲ್ 16ರಂದು ಭಾರತದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಹೊರಟು 34 ಕಿಲೋಮೀಟರ್ ದೂರದ ಥಾಣೆಯನ್ನು ತಲುಪಿತು. ಮರುವರ್ಷ ಹಳಿ ಕಲ್ಯಾಣದವರೆಗೆ ಮುಂದುವರಿಯಿತು. ಅಂದಿನಿಂದ ಈ ಭಾಗದ ಬದುಕು ರೈಲಿನ ವೇಳಾಪಟ್ಟಿಯನ್ನು ಅನುಸರಿಸಿಯೇ ಬೆಳೆದಿದೆ. ಮುಂಬಯಿಯ ಒತ್ತಡವನ್ನು ಕಡಿಮೆ ಮಾಡುವ ಉದ್ದೇಶದಿಂದ ಖಾರಿಯ ಆಚೆಗೆ ಹೊಸ ನಗರವೊಂದನ್ನು ಕಟ್ಟಲು 1970ರಲ್ಲಿ ಸಿಡ್ಕೊ ಸಂಸ್ಥೆ ಸ್ಥಾಪನೆಗೊಂಡಿತು. ಹೀಗೆ ನವಿ ಮುಂಬಯಿ ರೂಪುತಾಳಿತು. 2011ರ ಜನಗಣತಿಯ ಪ್ರಕಾರ ಥಾಣೆ ನಗರದಲ್ಲಿ 18.4 ಲಕ್ಷ, ಕಲ್ಯಾಣ-ಡೊಂಬಿವಲಿಯಲ್ಲಿ 12.5 ಲಕ್ಷ ಹಾಗೂ ನವಿ ಮುಂಬಯಿಯಲ್ಲಿ 11.2 ಲಕ್ಷ ಜನರಿದ್ದರು. ಕರಾವಳಿಯಿಂದ, ಉತ್ತರ ಕರ್ನಾಟಕದಿಂದ ಬಂದು ಹೋಟೆಲು, ಬ್ಯಾಂಕು, ಕಾರ್ಖಾನೆ ಮತ್ತು ಕಟ್ಟಡ ಕೆಲಸಗಳಲ್ಲಿ ನೆಲೆ ಕಂಡ ಕನ್ನಡಿಗರೂ ಇವರಲ್ಲಿ ಸೇರಿದ್ದಾರೆ.

ಕಲ್ಯಾಣದಿಂದ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಸುಮಾರು 54 ಕಿಲೋಮೀಟರ್ ದೂರದಲ್ಲಿದೆ. ಬೆಳಿಗ್ಗೆ ಲೋಕಲ್ ರೈಲು ಹಿಡಿದು ಹೊರಟ ತಂದೆ ತಾಯಿ ಮನೆಗೆ ಮರಳುವಷ್ಟರಲ್ಲಿ ದೀಪ ಹಚ್ಚುವ ಹೊತ್ತು ಮೀರಿರುತ್ತದೆ. ಸಂಜೆ ನಾಲ್ಕರಿಂದ ಏಳರವರೆಗಿನ ಅವಧಿ ಆಟಕ್ಕೆ ಅತ್ಯಂತ ಯೋಗ್ಯವಾದುದು. ಅನೇಕ ಮನೆಗಳಲ್ಲಿ ಹಿರಿಯರಿಲ್ಲದ ಹೊತ್ತೂ ಅದೇ. ‘ಯಾರು ಕರೆದರೂ ಬಾಗಿಲು ತೆರೆಯಬೇಡ’ ಎಂಬ ಎಚ್ಚರಿಕೆಯೊಡನೆ ಮಗು ಒಳಗೆ ಉಳಿಯುತ್ತದೆ. ಇದು ಪೋಷಕರ ಅಲಕ್ಷ್ಯದ ಫಲವಲ್ಲ; ಕಾಳಜಿಯಿಂದಲೇ ಹುಟ್ಟಿದ ಏರ್ಪಾಡು. ಆದರೆ ಈ ಏರ್ಪಾಡಿಗೆ ಮಗುವಿನ ದೇಹ ತೆರುವ ಬೆಲೆಯನ್ನು ತಿಳಿಯುವುದು ಅಗತ್ಯ.

ಬೆಳೆಯುವ ದೇಹದ ಬೇಡಿಕೆ

ಐದರಿಂದ ಹದಿನೇಳು ವರ್ಷದೊಳಗಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳಷ್ಟಾದರೂ ಉಸಿರು ಬಿರುಸಾಗುವಂತಹ ಚಟುವಟಿಕೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ವಾರದಲ್ಲಿ ಮೂರು ದಿನಗಳಾದರೂ ಸ್ನಾಯು ಮತ್ತು ಎಲುಬುಗಳನ್ನು ಬಲಪಡಿಸುವ ಓಟ, ನೆಗೆತಗಳು ಅದರಲ್ಲಿ ಸೇರಿರಬೇಕು. ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಟ್ಟು ಮೂರು ಗಂಟೆಗಳ ಕಾಲ ಓಡಾಡುತ್ತಿರಬೇಕು. ಎರಡು ವರ್ಷ ತುಂಬದ ಮಗುವಿಗೆ ಪರದೆಯ ವೀಕ್ಷಣೆ ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ಅದು ಒಂದು ಗಂಟೆಯನ್ನು ಮೀರಬಾರದೆಂದೂ 2019ರ ಸೂಚನೆ ತಿಳಿಸುತ್ತದೆ.

ವಾಸ್ತವ ಸ್ಥಿತಿ ಇದರಿಂದ ಬಹಳ ದೂರವಿದೆ. 2016ರವರೆಗಿನ ಅಂಕಿಅಂಶಗಳನ್ನು ಆಧರಿಸಿ ಇದೇ ಸಂಸ್ಥೆ ನಡೆಸಿದ ಅಧ್ಯಯನದಂತೆ, ಜಗತ್ತಿನಲ್ಲಿ ಶಾಲೆಗೆ ಹೋಗುವ 11ರಿಂದ 17 ವರ್ಷದ ಮಕ್ಕಳಲ್ಲಿ ಶೇಕಡಾ 81ರಷ್ಟು ಮಂದಿಗೆ ಅಗತ್ಯವಿರುವಷ್ಟು ಚಟುವಟಿಕೆ ದೊರೆಯುತ್ತಿರಲಿಲ್ಲ. ಶ್ರೀಮಂತ ದೇಶ, ಬಡ ದೇಶವೆಂಬ ಭೇದವಿಲ್ಲದೆ ಈ ಕೊರತೆ ಹರಡಿದೆ.

ಕಣ್ಣಿಗೆ ಬೆಳಕು, ಎಲುಬಿಗೆ ಬಿಸಿಲು

ಮನೆಯೊಳಗಿನ ವ್ಯಾಯಾಮದಿಂದ ಈ ಕೊರತೆಯನ್ನು ನೀಗಿಸಲಾಗದೆ ಎಂಬ ಪ್ರಶ್ನೆ ಸಹಜ. ಸ್ನಾಯುಗಳ ಮಟ್ಟಿಗೆ ಸ್ವಲ್ಪಮಟ್ಟಿಗೆ ಸಾಧ್ಯ. ಆದರೆ ಬಯಲು ಕೊಡುವ ಎರಡು ವಸ್ತುಗಳನ್ನು ಕೋಣೆ ಕೊಡಲಾರದು.

ಮೊದಲನೆಯದು ಬೆಳಕು. ದೀಪ ಹಚ್ಚಿದ ಕೋಣೆಯ ಬೆಳಕಿಗಿಂತ ಹಗಲಿನ ಬಯಲಿನ ಬೆಳಕು, ಮರದ ನೆರಳಿನಲ್ಲಿಯೂ ಸಹ, ಹತ್ತಾರು ಪಟ್ಟು ಪ್ರಖರವಾಗಿರುತ್ತದೆ. ಈ ಬೆಳಕು ಕಣ್ಣಿನ ಅಕ್ಷಿಪಟಲದಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಸ್ರಾವವನ್ನು ಹೆಚ್ಚಿಸುತ್ತದೆ. ಅದು ಕಣ್ಣುಗುಡ್ಡೆಯು ಅಗತ್ಯಕ್ಕಿಂತ ಉದ್ದವಾಗಿ ಬೆಳೆಯದಂತೆ ತಡೆಯುತ್ತದೆಯೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಕಣ್ಣುಗುಡ್ಡೆ ಉದ್ದವಾದರೆ ದೂರದ ವಸ್ತು ಮಸುಕಾಗಿ ಕಾಣುತ್ತದೆ. ಇದೇ ಸಮೀಪದೃಷ್ಟಿ ದೋಷ. ಚೀನಾದ ಗುವಾಂಗ್‌ಝೌ ನಗರದ 12 ಪ್ರಾಥಮಿಕ ಶಾಲೆಗಳಲ್ಲಿ ಮೂರು ವರ್ಷಗಳ ಕಾಲ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ಉಲ್ಲೇಖನೀಯ. ಅರ್ಧದಷ್ಟು ಶಾಲೆಗಳಲ್ಲಿ ಮಕ್ಕಳನ್ನು ಪ್ರತಿದಿನ ಹೆಚ್ಚುವರಿಯಾಗಿ 40 ನಿಮಿಷ ಹೊರಗೆ ಕರೆದೊಯ್ಯಲಾಯಿತು. ಮೂರು ವರ್ಷಗಳ ನಂತರ ಆ ಶಾಲೆಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಕಾಣಿಸಿಕೊಂಡ ಮಕ್ಕಳ ಪ್ರಮಾಣ ಶೇಕಡಾ 30.4, ಉಳಿದ ಶಾಲೆಗಳಲ್ಲಿ ಅದು ಶೇಕಡಾ 39.5. ಔಷಧಿಯಿಲ್ಲದೆ, ಬರಿಯ ಬಯಲಿನಿಂದ ದೊರೆತ ಲಾಭವಿದು.

ಎರಡನೆಯದು ಬಿಸಿಲು. ಎಲುಬು ಗಟ್ಟಿಯಾಗಲು ಸುಣ್ಣದ ಅಂಶ ಬೇಕು. ಅದನ್ನು ದೇಹ ಹೀರಿಕೊಳ್ಳಲು ‘ಡಿ’ ಜೀವಸತ್ವ ಬೇಕು. ಆ ಜೀವಸತ್ವವನ್ನು ಚರ್ಮವು ಬಿಸಿಲಿನ ನೆರವಿನಿಂದ ತಯಾರಿಸುತ್ತದೆ. ಇದಕ್ಕೆ ಬೇಕಾದ ಕಿರಣಗಳನ್ನು ಕಿಟಕಿಯ ಗಾಜು ಬಹುಪಾಲು ತಡೆದುಬಿಡುವುದರಿಂದ ಕಿಟಕಿಯ ಬಳಿ ಕುಳಿತ ಮಾತ್ರಕ್ಕೆ ಪ್ರಯೋಜನವಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ ಆಶ್ರಯದಲ್ಲಿ 2016-18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ, ಐದರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇಕಡಾ 18ರಷ್ಟು ಹಾಗೂ ಹದಿಹರೆಯದವರಲ್ಲಿ ಶೇಕಡಾ 24ರಷ್ಟು ಮಂದಿಗೆ ‘ಡಿ’ ಜೀವಸತ್ವದ ಕೊರತೆಯಿರುವುದು ಕಂಡುಬಂದಿತು. ವರ್ಷದ ಬಹುಕಾಲ ಬಿಸಿಲು ಬೀಳುವ ನಮ್ಮ ದೇಶದಲ್ಲಿ ಬಿಸಿಲಿನಿಂದ ದೊರೆಯಬೇಕಾದುದು ಮಕ್ಕಳಿಗೆ ದೊರೆಯದಿರುವುದು ಯೋಚಿಸಬೇಕಾದ ಸಂಗತಿ.

ಏಳು ಕಲ್ಲುಗಳ ಪಾಠಶಾಲೆ

ಲಗೋರಿಯನ್ನೇ ನೋಡೋಣ. ಏಳು ಚಪ್ಪಟೆ ಕಲ್ಲುಗಳು, ಒಂದು ಚೆಂಡು, ಎರಡು ತಂಡಗಳು. ಒಬ್ಬರು ಗುರಿಯಿಟ್ಟು ಕಲ್ಲಿನ ಗೋಪುರವನ್ನು ಉರುಳಿಸಬೇಕು. ಎದುರು ತಂಡದವರು ಚೆಂಡಿನಿಂದ ಹೊಡೆದು ಹೊರಗಟ್ಟುವ ಮೊದಲು ಅದೇ ತಂಡ ಗೋಪುರವನ್ನು ಮತ್ತೆ ಕಟ್ಟಬೇಕು. ಇದಕ್ಕೆ ಗುರಿ ಬೇಕು, ಓಟ ಬೇಕು, ಚೆಂಡಿನ ದಿಕ್ಕನ್ನು ಊಹಿಸುವ ಚುರುಕು ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ತಾನು ಕಲ್ಲು ಜೋಡಿಸುವಾಗ ಸಂಗಾತಿ ಚೆಂಡನ್ನು ತನ್ನತ್ತ ಸೆಳೆದುಕೊಳ್ಳುತ್ತಾನೆಂಬ ನಂಬಿಕೆ ಬೇಕು. ‘ಚೆಂಡು ತಾಗಿತು’, ‘ತಾಗಲಿಲ್ಲ’ ಎಂಬ ಜಗಳವನ್ನು ಹಿರಿಯರ ನೆರವಿಲ್ಲದೆ ತಾವೇ ಬಗೆಹರಿಸಿಕೊಂಡು ಆಟ ಮುಂದುವರಿಸುವ ಮಕ್ಕಳು ನ್ಯಾಯ, ರಾಜಿ ಮತ್ತು ಸೋಲನ್ನು ತಾಳಿಕೊಳ್ಳುವ ಬಗೆಯನ್ನು ಒಟ್ಟಿಗೆ ಕಲಿಯುತ್ತಾರೆ. ಮೊಬೈಲ್ ಆಟದಲ್ಲಿ ತೀರ್ಪು ಕೊಡುವುದು ಯಂತ್ರ. ಅಲ್ಲಿ ಈ ಕಲಿಕೆಗೆ ಅವಕಾಶವಿಲ್ಲ.

ಥಾಣೆ ಜಿಲ್ಲೆಯಲ್ಲಿ ಇಂತಹ ಆಟಗಳಿಗೆ ಇನ್ನೊಂದು ಗುಣವೂ ಇದೆ. ಲಗೋರಿ ಎಂಬ ಹೆಸರು ಕನ್ನಡಕ್ಕೂ ಮರಾಠಿಗೂ ಒಂದೇ. ನಮ್ಮ ಚಿಣ್ಣಿದಾಂಡು ಮರಾಠಿಯಲ್ಲಿ ವಿಟಿ-ದಾಂಡು. ಕುಂಟಾಟ ಅಲ್ಲಿ ಲಂಗಡಿ. ಕಣ್ಣಾಮುಚ್ಚಾಲೆ ಅಲ್ಲಿ ಲಪಂಡಾವ. ಬಯಲಿನಲ್ಲಿ ಅರ್ಧ ಗಂಟೆ ಕಳೆದ ಕನ್ನಡದ ಮಗು ನೆರೆಹೊರೆಯ ಭಾಷೆಯನ್ನು ಪುಸ್ತಕವಿಲ್ಲದೆ ಕಲಿಯುತ್ತದೆ. ತನ್ನ ಅಜ್ಜನ ಆಟವನ್ನು ನೆರೆಯವರಿಗೆ ಕಲಿಸುತ್ತದೆ. ಖೊಖೊ ಆಟದ ನಿಯಮಗಳು ಕಳೆದ ಶತಮಾನದ ಆರಂಭದಲ್ಲಿ ಪುಣೆಯಲ್ಲಿ ರೂಪುಗೊಂಡವು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಈ ಆಟದ ಮೊದಲ ವಿಶ್ವಕಪ್ ನಡೆದು, ಪುರುಷರ ಹಾಗೂ ಮಹಿಳೆಯರ ಎರಡೂ ಪ್ರಶಸ್ತಿಗಳನ್ನು ಭಾರತ ಗೆದ್ದುಕೊಂಡಿತು. ಬರಿಗಾಲಿನ ಬಯಲಾಟವೆಂದು ಕಡೆಗಣಿಸಿದ ಆಟವೂ ಎಷ್ಟು ದೂರ ಸಾಗಬಲ್ಲದೆಂಬುದಕ್ಕೆ ಇದು ನಿದರ್ಶನ.

ಬಯಲು ಎಷ್ಟು ದೂರ?

ಮಗುವಿನ ಆಟದ ಮಟ್ಟಿಗೆ ಮೈದಾನದ ವಿಸ್ತಾರಕ್ಕಿಂತ ಅದರ ಸಾಮೀಪ್ಯವೇ ಮುಖ್ಯ. ರಿಕ್ಷಾ ಹಿಡಿದು ಹೋಗಬೇಕಾದ ವಿಶಾಲ ಮೈದಾನಕ್ಕೆ ಮಗು ತಿಂಗಳಿಗೊಮ್ಮೆ ಹೋದೀತು. ಕಟ್ಟಡದ ಬುಡದಲ್ಲಿರುವ ಸಣ್ಣ ಜಾಗಕ್ಕೆ ದಿನವೂ ಇಳಿದೀತು.

ಈ ತತ್ತ್ವವನ್ನು ಇಟ್ಟಿಗೆ ಗಾರೆಗಳಲ್ಲಿ ತೋರಿಸಿದ ಉದಾಹರಣೆ ನವಿ ಮುಂಬಯಿಯಲ್ಲಿಯೇ ಇದೆ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರೆಯಾ 1980ರ ದಶಕದಲ್ಲಿ ಬೇಲಾಪುರದಲ್ಲಿ ರೂಪಿಸಿದ, ‘ಆರ್ಟಿಸ್ಟ್ಸ್ ವಿಲೇಜ್’ ಎಂದು ಪರಿಚಿತವಾದ ವಸತಿಯಲ್ಲಿ ಏಳು ಮನೆಗಳ ನಡುವೆ ಸುಮಾರು 8 ಮೀಟರ್ ಉದ್ದಗಲದ ಒಂದು ಅಂಗಳವಿರುವಂತೆ ಯೋಜಿಸಲಾಯಿತು. ಅಂತಹ ಮೂರು ಗುಂಪುಗಳಿಗೆ ಸೇರಿ 12 ಮೀಟರಿನ ಇನ್ನೊಂದು ಬಯಲು. ಅವೆಲ್ಲಕ್ಕೂ ಸೇರಿ ಮತ್ತೂ ದೊಡ್ಡ ಬಯಲು. ಪುಟ್ಟ ಮಗುವಿಗೆ ಹೊಸ್ತಿಲಿನ ಅಂಗಳ, ಸ್ವಲ್ಪ ಬೆಳೆದವರಿಗೆ ಆಚೆಯ ಬಯಲು. ಅಡುಗೆಮನೆಯಲ್ಲಿದ್ದ ತಾಯಿಗೆ ಮಗುವಿನ ದನಿ ಕೇಳಿಸುವಷ್ಟು ಹತ್ತಿರದಲ್ಲಿ ಆಟ.

ಹತ್ತಿರದ ಬಯಲು ಕೈತಪ್ಪುವ ಭಯವೂ ಇದೇ ನಗರದಲ್ಲಿ ಕಾಣಿಸಿಕೊಂಡಿತು. ಘಣಸೋಲಿಯಲ್ಲಿ ಸುಮಾರು 20 ಎಕರೆ ಭೂಮಿಯನ್ನು ಸರ್ಕಾರಿ ಕ್ರೀಡಾ ಸಂಕೀರ್ಣಕ್ಕಾಗಿ 2003ರಲ್ಲಿ ಗೊತ್ತುಪಡಿಸಲಾಗಿತ್ತು. ಮುಂದೆ ಆ ಭೂಮಿಯ ಒಂದು ಭಾಗವನ್ನು ಕಟ್ಟಡ ನಿರ್ಮಾಣಕ್ಕೆ ಹಂಚಿಕೆ ಮಾಡಲಾಯಿತು. 2021ರಲ್ಲಿ ಸಂಕೀರ್ಣವನ್ನು ರಾಯಗಡ ಜಿಲ್ಲೆಯ ಮಾಣಗಾಂವ್ ತಾಲ್ಲೂಕಿಗೆ, ಅಂದರೆ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರಕ್ಕೆ, ವರ್ಗಾಯಿಸುವ ನಿರ್ಧಾರವಾಯಿತು. ನಗರದ ವಾಸ್ತುಶಿಲ್ಪಿಗಳ ಸಂಘಟನೆ ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿತು. 2024ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಆ ನಿರ್ಧಾರವನ್ನು ರದ್ದುಪಡಿಸಿತು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವೂ ಈ ತೀರ್ಪನ್ನು ಎತ್ತಿಹಿಡಿಯಿತು. ನೂರು ಕಿಲೋಮೀಟರ್ ಆಚೆಗಿನ ಮೈದಾನ ಎಷ್ಟೇ ಸುಸಜ್ಜಿತವಾಗಿದ್ದರೂ ಘಣಸೋಲಿಯ ಮಗುವಿನ ಸಂಜೆಗೆ ಅದರಿಂದ ಉಪಯೋಗವಿಲ್ಲ.

ನಾಗರಿಕರು ಪ್ರತಿ ಸಲವೂ ನ್ಯಾಯಾಲಯದ ಮೆಟ್ಟಿಲೇರಬೇಕಾಗಿಲ್ಲ. 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆಯಂತೆ ನಗರದ ಅಭಿವೃದ್ಧಿ ಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪಣೆ ಮತ್ತು ಸಲಹೆಗಳನ್ನು ಸಲ್ಲಿಸುವ ಅವಕಾಶ ಎಲ್ಲರಿಗೂ ಇದೆ. ತಮ್ಮ ಬಡಾವಣೆಯಲ್ಲಿ ಆಟದ ಮೈದಾನಕ್ಕೆ ಮೀಸಲಾದ ಜಾಗ ಯಾವುದು, ಅದು ಹೇಗೆ ಬಳಕೆಯಾಗುತ್ತಿದೆ ಎಂಬುದನ್ನು ಪೋಷಕರು ತಿಳಿದಿರುವುದು ಒಳ್ಳೆಯದು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಶಾಲೆಗೆ ಇರಬೇಕಾದ ಸೌಕರ್ಯಗಳಲ್ಲಿ ಆಟದ ಮೈದಾನವನ್ನೂ ಸೇರಿಸಿದೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ವಿರಾಮ ಮತ್ತು ಆಟವನ್ನು ಮಗುವಿನ ಹಕ್ಕೆಂದು ಘೋಷಿಸಿದೆ. ಭಾರತವು 1992ರಲ್ಲಿ ಆ ಒಡಂಬಡಿಕೆಯನ್ನು ಅಂಗೀಕರಿಸಿದೆ.

ಹೆಣ್ಣುಮಕ್ಕಳ ಪಾಲು

ಮೇಲೆ ಹೇಳಿದ ಜಾಗತಿಕ ಅಧ್ಯಯನದಲ್ಲಿ ಸಾಕಷ್ಟು ಚಟುವಟಿಕೆ ದೊರೆಯದ ಹುಡುಗರ ಪ್ರಮಾಣ ಶೇಕಡಾ 78 ಇದ್ದರೆ ಹುಡುಗಿಯರದು ಶೇಕಡಾ 85. ಹತ್ತು ಹನ್ನೊಂದು ವರ್ಷ ತುಂಬುತ್ತಿದ್ದಂತೆ ‘ಇನ್ನು ಸಾಕು, ಒಳಗೆ ಬಾ’ ಎಂಬ ಮಾತನ್ನು ಮೊದಲು ಕೇಳುವವಳು ಹುಡುಗಿ. ಮನೆಗೆಲಸದ ಹಂಚಿಕೆಯಲ್ಲಿಯೂ ಅವಳ ಸಂಜೆಯೇ ಮೊದಲು ಕರಗುತ್ತದೆ. 2025ರ ನವೆಂಬರ್ 2ರಂದು ನವಿ ಮುಂಬಯಿಯ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಭಾರತದ ಮಹಿಳಾ ತಂಡ ದಕ್ಷಿಣ ಆಫ್ರಿಕಾವನ್ನು ಸೋಲಿಸಿ ಮೊದಲ ಬಾರಿಗೆ ಏಕದಿನ ಕ್ರಿಕೆಟ್ ವಿಶ್ವಕಪ್ಪನ್ನು ಗೆದ್ದಾಗ ಇಡೀ ದೇಶ ಸಂಭ್ರಮಿಸಿತು. ಆ ಸಂಭ್ರಮವು ನೆರೂಲಿನ, ಡೊಂಬಿವಲಿಯ ಹುಡುಗಿಗೆ ಸಂಜೆಯ ಒಂದು ಗಂಟೆಯಾಗಿ ದೊರೆತಾಗ ಮಾತ್ರ ಸಾರ್ಥಕ. ಅವಳು ಆಟಗಾರ್ತಿಯಾಗಿ ಹೆಸರು ಗಳಿಸಬೇಕೆಂದೇನೂ ಇಲ್ಲ. ಓಡಿ ದಣಿಯುವ ಅವಕಾಶ ಅವಳಿಗೆ ಇರಬೇಕು.

ಕೈಗೊಳ್ಳಬಹುದಾದ ಕ್ರಮಗಳು

ಮನೆಯಲ್ಲಿ ಮೊದಲ ಕೆಲಸ ಹೊತ್ತನ್ನು ನಿಗದಿಪಡಿಸುವುದು. ಶಾಲೆ, ಪಾಠದ ಕ್ಲಾಸು, ಊಟ ಹಾಗೂ ಒಂಬತ್ತು ಹತ್ತು ಗಂಟೆಗಳ ನಿದ್ರೆಯನ್ನು ಕಳೆದರೂ ದಿನದಲ್ಲಿ ಒಂದು ಗಂಟೆ ಉಳಿಯುವಂತೆ ಯೋಜಿಸುವುದು ಸಾಧ್ಯ. ಉಳಿದ ಕೆಲಸಗಳೆಲ್ಲ ಮುಗಿದ ಮೇಲೆ ಆಟ ಎಂದರೆ ಆಟದ ಸರದಿ ಬರುವುದೇ ಇಲ್ಲ. ಮೊಬೈಲನ್ನು ಕಿತ್ತುಕೊಂಡು ‘ಹೊರಗೆ ಹೋಗು’ ಎಂದು ಗದರಿಸಿದರೆ ಬಯಲು ಶಿಕ್ಷೆಯಂತೆ ತೋರುತ್ತದೆ. ಜೊತೆಗಾರನೊಬ್ಬ ಕೆಳಗೆ ಕಾದಿದ್ದಾನೆ ಎಂದರೆ ಗದರಿಕೆ ಬೇಕಾಗುವುದಿಲ್ಲ. ಆದ್ದರಿಂದ ಅದೇ ಕಟ್ಟಡದ ಮೂರು ನಾಲ್ಕು ಮನೆಯವರು ಮಾತನಾಡಿಕೊಂಡು ಮಕ್ಕಳನ್ನು ಒಂದೇ ಹೊತ್ತಿಗೆ ಕೆಳಗಿಳಿಸುವುದು ಉತ್ತಮ. ದಿನಕ್ಕೊಬ್ಬರಂತೆ ಹಿರಿಯರೊಬ್ಬರು ಗಮನಿಸುವ ಹೊಣೆ ಹೊತ್ತರೆ ಐದು ಮನೆಗಳಲ್ಲಿ ಒಂದು ಮನೆಗೆ ವಾರಕ್ಕೆ ಒಂದು ಸಂಜೆ ಸಾಕು. ನಿವೃತ್ತರೂ ಊರಿನಿಂದ ಬಂದ ಅಜ್ಜ ಅಜ್ಜಿಯರೂ ಈ ಹೊಣೆಯನ್ನು ಸಂತೋಷದಿಂದ ಹೊರಬಲ್ಲರು.

ವಸತಿ ಸೊಸೈಟಿಗಳ ಪಾತ್ರ ಹಿರಿದು. ‘ಇಲ್ಲಿ ಮಕ್ಕಳು ಆಡಬಾರದು’ ಎಂಬ ಫಲಕ ಅನೇಕ ಕಟ್ಟಡಗಳ ಆವರಣದಲ್ಲಿ ಕಾಣುತ್ತದೆ. ಕಿಟಕಿಯ ಗಾಜು, ವಾಹನಗಳ ಗೀರು, ವೃದ್ಧರ ವಿಶ್ರಾಂತಿ ಎಂಬ ಕಾರಣಗಳು ನಿರಾಧಾರವಲ್ಲ. ಆದರೆ ಸಂಜೆ ಐದರಿಂದ ಏಳರವರೆಗೆ ಒಂದು ಮೂಲೆಯನ್ನು ವಾಹನಗಳಿಂದ ತೆರವುಗೊಳಿಸಿ, ಗಟ್ಟಿ ಚೆಂಡನ್ನು ಮಾತ್ರ ನಿಷೇಧಿಸುವಂತೆ ಸರ್ವಸದಸ್ಯರ ಸಭೆಯಲ್ಲಿ ಒಂದು ನಿರ್ಣಯ ಕೈಗೊಂಡರೆ ಎರಡೂ ಕಡೆಯ ಹಿತ ಉಳಿಯುತ್ತದೆ.

ಶಾಲೆಗಳು ಊಟದ ವಿರಾಮದಲ್ಲಿ ಮಕ್ಕಳನ್ನು ತರಗತಿಯಲ್ಲಿ ಕೂರಿಸದೆ ಅಂಗಳಕ್ಕೆ ಬಿಡಬೇಕು. ಸಂಜೆಯ ಆಟದಲ್ಲಿ ದೊರೆಯದ ಬಿಸಿಲು ಆ ಅರ್ಧ ಗಂಟೆಯಲ್ಲಿ ದೊರೆಯುತ್ತದೆ. ಈ ಭಾಗದ ಕನ್ನಡ ಸಂಘಗಳು ನಾಟಕ, ಯಕ್ಷಗಾನ, ರಾಜ್ಯೋತ್ಸವಗಳ ಜೊತೆಗೆ ತಿಂಗಳಿಗೊಂದು ಭಾನುವಾರವನ್ನು ಲಗೋರಿ, ಕುಂಟೆಬಿಲ್ಲೆ, ಮರಕೋತಿಗಳಿಗೆ ಮೀಸಲಿಟ್ಟರೆ ಆಟವೂ ಉಳಿಯುತ್ತದೆ, ಆಟದ ಮಾತೂ ಉಳಿಯುತ್ತದೆ.

ರಜಾದಿನಗಳಿಗೆ ಇಲ್ಲಿ ಪ್ರಕೃತಿಯ ಕೊರತೆಯೂ ಇಲ್ಲ. ಥಾಣೆಯ ಮಾಸುಂದಾ ಮತ್ತು ಉಪವನ ಕೆರೆಗಳ ದಂಡೆ, ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ತಾಗಿದ ಯೇವೂರು ಬೆಟ್ಟ, ಕಲ್ಯಾಣದ ದುರ್ಗಾಡಿ ಕೋಟೆ, ನೆರೂಲಿನ ವಂಡರ್ಸ್ ಪಾರ್ಕ್ ಇವೆಲ್ಲ ಅರ್ಧ ದಿನದ ವಿಹಾರಕ್ಕೆ ಯೋಗ್ಯ. 2022ರಲ್ಲಿ ರಾಮ್ಸಾರ್ ತಾಣವೆಂದು ಮಾನ್ಯತೆ ಪಡೆದ ಥಾಣೆ ಖಾರಿಗೆ ಚಳಿಗಾಲದಲ್ಲಿ ಬರುವ ಸಾವಿರಾರು ರಾಜಹಂಸಗಳನ್ನು ಒಮ್ಮೆ ಕಂಡ ಮಗು ಮರುವರ್ಷ ತಾನಾಗಿಯೇ ಕೇಳುತ್ತದೆ. ಆದರೆ ವಿಹಾರವು ದಿನನಿತ್ಯದ ಆಟಕ್ಕೆ ಬದಲಿಯಲ್ಲ.

ಮಳೆ ಮತ್ತು ಬೇಸಿಗೆಯ ಎಚ್ಚರಿಕೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಲ್ಲಿ ಆಟ ನಿಲ್ಲಬೇಕಾಗಿಲ್ಲ. ಮಳೆ ಬಿಟ್ಟ ಹೊತ್ತಿನಲ್ಲಿ ಬಯಲು, ಉಳಿದಂತೆ ಕಟ್ಟಡದ ಕೆಳಗಿನ ಕಂಬಸಾಲಿನ ಜಾಗ ಉಪಯೋಗಕ್ಕೆ ಬರುತ್ತದೆ. ಆದರೆ ರಸ್ತೆಯಲ್ಲಿ ನಿಂತ ನೆರೆಯ ನೀರಿನಲ್ಲಿ ಮಕ್ಕಳನ್ನು ಆಡಗೊಡಬಾರದು. ಇಲಿಯ ಮೂತ್ರದಿಂದ ಮಲಿನವಾದ ನೀರು ಕಾಲಿನ ಗಾಯಗಳ ಮೂಲಕ ಲೆಪ್ಟೊಸ್ಪೈರೋಸಿಸ್ ಎಂಬ ಇಲಿಜ್ವರವನ್ನು ತರಬಲ್ಲದು. ತೆರೆದ ಗಟಾರಗಳು ನೀರಿನಡಿ ಕಾಣಿಸುವುದಿಲ್ಲ. ಏಪ್ರಿಲ್, ಮೇ ಮತ್ತು ಅಕ್ಟೋಬರ್ ತಿಂಗಳ ಸೆಕೆಯಲ್ಲಿ ನಡುಹಗಲನ್ನು ತಪ್ಪಿಸಿ, ಕುಡಿಯುವ ನೀರನ್ನು ಜೊತೆಗೆ ಕೊಟ್ಟು ಕಳುಹಿಸಬೇಕು. ಹೊಗೆ ಅಥವಾ ರಾಸಾಯನಿಕದ ವಾಸನೆ ದಟ್ಟವಾಗಿರುವ ದಿನ ಬಿರುಸಿನ ಆಟ ಬೇಡ. ಉಬ್ಬಸವಿರುವ ಮಕ್ಕಳ ವಿಷಯದಲ್ಲಿ ವೈದ್ಯರ ಸಲಹೆ ಪಡೆಯಬೇಕು. ಮೊಣಕಾಲಿನ ತರಚುಗಾಯಕ್ಕೆ ಮಾತ್ರ ಹೆದರಬೇಕಾಗಿಲ್ಲ. ಸೋಪು ನೀರಿನಿಂದ ತೊಳೆದು ಮರುದಿನ ಮತ್ತೆ ಕಳುಹಿಸಬಹುದು. ಧನುರ್ವಾಯುವಿನ ಲಸಿಕೆ ಸಕಾಲದಲ್ಲಿ ಆಗಿರುವಂತೆ ನೋಡಿಕೊಳ್ಳುವುದು ಮುಖ್ಯ.

ಊರಿನ ಅಂಗಳವನ್ನು ರೈಲಿನಲ್ಲಿ ಹೊತ್ತು ತರಲಾಗದು. ಆದರೆ ಅಂಗಳದಲ್ಲಿ ಮಗುವಿಗೆ ದೊರೆಯುತ್ತಿದ್ದುದನ್ನು ಇಲ್ಲಿಯೂ ದೊರಕಿಸಬಹುದು: ನಡೆದು ತಲುಪುವಷ್ಟು ಹತ್ತಿರದ ಜಾಗ, ದಿನವೂ ತಪ್ಪದ ಒಂದು ಗಂಟೆ, ದೂರದಿಂದ ನೋಡುವ ಒಬ್ಬ ಹಿರಿಯರು. ರಾತ್ರಿಯ ಲೋಕಲ್ ಇಳಿದು ಮನೆಗೆ ಬಂದ ತಂದೆ ತಾಯಿಗೆ ಬಾಗಿಲಲ್ಲಿ ಮಣ್ಣು ಮೆತ್ತಿದ ಪುಟ್ಟ ಚಪ್ಪಲಿಗಳು ಕಂಡರೆ, ಆ ದಿನದ ಅರ್ಧ ಚಿಂತೆ ಕಳೆಯಿತೆಂದು ತಿಳಿಯಬಹುದು.